ತೆಲುಗು ತಾನಾಗಿ ಬಂತು, ಇಂಗ್ಲಿಷ್ ಏಕೆ ಬಾಯಿಗೆ ಬರುತ್ತಿಲ್ಲ?

ಪ್ರಶ್ನೆ: ಶಿಕ್ಷಕ, ಗಂಗಾವತಿ

ನಾನು ಗಂಗಾವತಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ, ಆಂಧ್ರದಿಂದ ಬಂದು ನೆಲೆಸಿದ ತೆಲುಗು ರೈತರ ಊರಾದ ಕ್ಯಾಂಪಿನ ಗದ್ದೆಗಳಿಗೆ ಭತ್ತದ ನಾಟಿಗೆ ಹೋಗುವ ತಾಯಿಗೆ ಬುತ್ತಿ ಒಯ್ಯುತ್ತ, ಯಾರೂ ಕೂರಿಸಿ ಹೇಳಿಕೊಡದಿದ್ದರೂ, ಕೂಲಿಯ ಲೆಕ್ಕಕ್ಕೆ ವಾದಿಸುವಷ್ಟು ತೆಲುಗು ಕಲಿತಿದ್ದಾಳೆ. ಒಂದನೇ ತರಗತಿಯಿಂದ ಓದುತ್ತ ಬಂದ ಇಂಗ್ಲಿಷಿನಲ್ಲಿ ಮಾತ್ರ ತುಟಿ ಬಿಚ್ಚುವುದಿಲ್ಲ. ಎಬ್ಬಿಸಿ ನಿಲ್ಲಿಸಿದರೆ ಪುಸ್ತಕದ ಅಂಚನ್ನು ಹೆಬ್ಬೆರಳಿನಿಂದ ಮಡಚುತ್ತ ನಿಂತುಬಿಡುತ್ತಾಳೆ. ಬರೆಯಲು ಕೊಟ್ಟರೆ ತಪ್ಪುಗಳು ಹೆಚ್ಚಿರುವುದಿಲ್ಲ. ಹಾಗಾದರೆ ಕೊರತೆ ಇರುವುದೆಲ್ಲಿ?

ಉತ್ತರ: ಭಾಷಾಶಾಸ್ತ್ರದ ವಿದ್ಯಾರ್ಥಿನಿ, ಬಳ್ಳಾರಿ

ಸರ್, ಬರವಣಿಗೆಯಲ್ಲಿ ಇರುವುದು ಬಾಯಿಗೆ ಬರುತ್ತಿಲ್ಲ ಎಂದಮೇಲೆ ಅದು ಅಂಜಿಕೆಯೇ. ಅಮೆರಿಕದ ಭಾಷಾಶಾಸ್ತ್ರಜ್ಞ ಸ್ಟೀಫನ್ ಕ್ರಾಷನ್ 1980ರ ದಶಕದಲ್ಲಿ ಇದನ್ನು ಮನಸ್ಸಿನೊಳಗಿನ ಒಂದು ಜರಡಿಯಂತೆ ವಿವರಿಸಿದರು: ಆತಂಕ ಹೆಚ್ಚಿದಷ್ಟೂ ಕಿವಿಗೆ ಬಿದ್ದ ಭಾಷೆ ಒಳಗೆ ಇಳಿಯುವುದು ಕಡಿಮೆ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ, ಏಕೆಂದರೆ ನಿಮ್ಮ ಹುಡುಗಿಯಲ್ಲಿ ಭಾಷೆ ಇಳಿದಿದೆ, ಹೊರಗೆ ಬರುತ್ತಿಲ್ಲ. ಅದಕ್ಕಿಂತ, 1986ರಲ್ಲಿ ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು ಭಾಷಾ ತರಗತಿಯ ಆತಂಕವನ್ನು ಅಳೆಯಲು ರೂಪಿಸಿದ 33 ಹೇಳಿಕೆಗಳ ಪ್ರಶ್ನಾವಳಿ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದೀತು. ಮಾತಾಡುವ ಅಂಜಿಕೆ, ಪರೀಕ್ಷೆಯ ಅಂಜಿಕೆಗಳ ಜೊತೆಗೆ, ಉಳಿದವರು ನಮ್ಮನ್ನು ಹೇಗೆ ಅಳೆಯುತ್ತಾರೋ ಎಂಬ ಅಂಜಿಕೆಯನ್ನೂ ಅವರು ಗುರುತಿಸಿದ್ದಾರೆ. ನಾನು ಗಟ್ಟಿಯಾಗಿ ‘ಇಸ್ಕೂಲ್’ ಎಂದು ಓದಿ ತರಗತಿಯೆಲ್ಲ ನಕ್ಕ ದಿನದಿಂದ ಎರಡು ವರ್ಷ ಬಾಯಿ ತೆರೆದಿರಲಿಲ್ಲ. ಗದ್ದೆಯಲ್ಲಿ ತಪ್ಪು ತೆಲುಗಿಗೆ ಯಾರೂ ಅಂಕ ಕಳೆಯುವುದಿಲ್ಲವಲ್ಲ.

ಉತ್ತರ: ನಿವೃತ್ತ ನೌಕರ, ರಾಯಚೂರು

ಅಂಜಿಕೆಯೊಂದೇ ಎಂದರೆ ಅರ್ಧ ಹೇಳಿದಂತಾಯಿತು, ತಂಗಿ. ಕೆನಡಾದ ಮನೋವಿಜ್ಞಾನಿಗಳಾದ ಗಾರ್ಡ್ನರ್ ಮತ್ತು ಲ್ಯಾಂಬರ್ಟ್, ಆ ಭಾಷೆಯ ಜನರೊಡನೆ ಬೆರೆಯುವ ಆಸೆಯಿಂದ ಕಲಿಯುವುದು ಬೇರೆ, ನೌಕರಿಯಂಥ ಲಾಭಕ್ಕಾಗಿ ಕಲಿಯುವುದು ಬೇರೆ ಎಂದು ವಿಂಗಡಿಸಿ, ಮೊದಲನೆಯದಕ್ಕೆ ಹೆಚ್ಚು ತೂಕ ಕೊಟ್ಟಿದ್ದರು. ಆದರೆ 1972ರಲ್ಲಿ ಯಾಸ್ಮೀನ್ ಲುಕ್ಮಾನಿ ಮುಂಬೈಯ ಮರಾಠಿ ಮಾತೃಭಾಷೆಯ ವಿದ್ಯಾರ್ಥಿನಿಯರನ್ನು ಅಧ್ಯಯನ ಮಾಡಿದಾಗ, ಅವರ ಇಂಗ್ಲಿಷಿನ ಹಿಡಿತಕ್ಕೆ ಲಾಭದ ಉದ್ದೇಶವೇ ಹೆಚ್ಚು ಹೊಂದಿಕೆಯಾಯಿತು. ನಮ್ಮ ಮನೆಯ ಅನುಭವವೂ ಹಾಗೆಯೇ. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದುವಾಗಿದ್ದರಿಂದ ನಮ್ಮ ತಂದೆ ಹೊಟ್ಟೆಪಾಡಿಗೆ ಅದನ್ನು ಕಲಿತರು, ಮತ್ತು ಕಡೆಗಾಲದವರೆಗೂ ಕಿರಾಣಿ ಸಾಮಾನಿನ ಚೀಟಿಯನ್ನು ಬಲದಿಂದ ಎಡಕ್ಕೇ ಬರೆಯುತ್ತಿದ್ದರು. ಅಂಗಡಿಯವನು ಬೈದುಕೊಳ್ಳುತ್ತಿದ್ದ, ಅದು ಬೇರೆ ಮಾತು. ಗುರುಗಳೇ, ತೆಲುಗು ಬಾರದಿದ್ದರೆ ಆ ಮನೆಗೆ ಕೂಲಿ ಕಡಿಮೆ ಬೀಳುತ್ತದೆ. ಇಂಗ್ಲಿಷ್ ಬಾರದಿದ್ದರೆ ಇಂದು ಸಂಜೆಗೆ ಏನೂ ಕೆಡುವುದಿಲ್ಲ. ಶಾಲೆಯ ಗೇಟು ದಾಟಿದ ಮೇಲೆ ಅವಳು ಅದನ್ನು ಯಾರೊಡನೆ ಆಡಬೇಕು?

ಉತ್ತರ: ಭಾಷಾಶಾಸ್ತ್ರದ ವಿದ್ಯಾರ್ಥಿನಿ, ಬಳ್ಳಾರಿ

ಒಪ್ಪುತ್ತೇನೆ, ಹಿರಿಯರೇ, ಆದರೆ ಅಗತ್ಯವಿದ್ದೂ ನಾಲಿಗೆ ಕಟ್ಟುತ್ತದೆ. ನೌಕರಿಯ ಸಂದರ್ಶನದಲ್ಲಿ ಗೊತ್ತಿದ್ದ ಇಂಗ್ಲಿಷನ್ನೂ ಮರೆತು ಹೊರಬಂದ ಗೆಳತಿಯರು ನನಗಿದ್ದಾರೆ. ಸರ್, ಅವಳನ್ನು ಕೆಲವು ದಿನ ತರಗತಿಯ ಮುಂದೆ ನಿಲ್ಲಿಸಬೇಡಿ. ಅವಳಿಗಿಂತ ಕಡಿಮೆ ಇಂಗ್ಲಿಷ್ ಬಲ್ಲ ಚಿಕ್ಕವರಿಗೆ ಓದಿ ಹೇಳಲು ಬಿಟ್ಟು ನೋಡಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಓದುವ ಕ್ಯಾಂಪಿನ ಮಗುವೊಂದಕ್ಕೆ ಶನಿವಾರ ಕಥೆ ಓದಿ ಹೇಳುವ ಕೆಲಸವನ್ನು ಅವಳಿಗೆ ಒಪ್ಪಿಸಿದೆ. ಕಿಟಕಿಯಾಚೆ ನಿಂತು ಕೇಳಿದೆ. ಓದಿನಲ್ಲಿ ತಡವರಿಕೆ ಇತ್ತು; ಮಗುವಿಗೆ ತಿಳಿಯದ ಕಡೆ ತೆಲುಗಿನಲ್ಲಿ ಬಿಡಿಸಿ ಹೇಳಿ, ಮತ್ತೆ ಇಂಗ್ಲಿಷಿಗೆ ಮರಳುತ್ತಿದ್ದಳು. ಒಂದು ಪದವನ್ನು ತಪ್ಪಾಗಿ ಉಚ್ಚರಿಸಿ, ತಾನೇ ನಕ್ಕು, ಮತ್ತೊಮ್ಮೆ ಓದಿದಳು. ನನ್ನ ತರಗತಿಯಲ್ಲಿ ಮಾತ್ರ ಇನ್ನೂ ಎದ್ದು ನಿಂತಿಲ್ಲ.