ಕೀರ್ತನೆ 42, 43: ರಚನೆ ನೋಡಿ ಅರ್ಥ ಹೇಳುವುದು ಹೇಗೆ?

ಪ್ರಶ್ನೆ
ರೆಟರಿಕಲ್ ವಿಮರ್ಶೆಯ (ಪಠ್ಯದ ರಚನೆ, ಪದಬಳಕೆಗಳಿಂದ ಅರ್ಥ ಹುಡುಕುವ) ಕ್ರಮದಲ್ಲಿ ಬೈಬಲಿನ 42ನೇ ಕೀರ್ತನೆಯನ್ನು ಓದುತ್ತಿದ್ದೇನೆ. 43ನ್ನೂ ಸೇರಿಸಿಕೊಳ್ಳಬೇಕೇ? ಸಮಾಂತರ ಸಾಲುಗಳನ್ನು (ಒಂದರ ಮಾತನ್ನು ಇನ್ನೊಂದು ಪ್ರತಿಧ್ವನಿಸುವ ಜೋಡಿ ಸಾಲುಗಳನ್ನು) ಗುರುತಿಸಿಯಾಯಿತು, ಮುಂದೇನು? ಎರಡೂ ಸೇರಿ ಒಂದು ದೊಡ್ಡ ಕಯಾಸ್ಮಸ್ (ಮಧ್ಯಕ್ಕೆ ಮಡಚಿದರೆ ಮೊದಲ ಭಾಗ ಕೊನೆಯದಕ್ಕೆ, ಎರಡನೆಯದು ಕೊನೆಯಿಂದ ಎರಡನೆಯದಕ್ಕೆ ಜೋಡಿಯಾಗುವ ರಚನೆ) ಎನ್ನುವ ನಕ್ಷೆಯೊಂದು ಸಿಕ್ಕಿದೆ, ನಂಬಬಹುದೇ?

ಉತ್ತರ 1
ಮೊದಲು ಪದ್ಯ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಎಲ್ಲೆ ಗೊತ್ತುಮಾಡಿಕೊಳ್ಳಿ. ಈ ವಿಮರ್ಶಾಕ್ರಮಕ್ಕೆ ದಾರಿ ಹಾಕಿದ ಬೈಬಲ್ ವಿದ್ವಾಂಸ ಮ್ಯೂಲೆನ್‌ಬರ್ಗ್ 1968ರ ಭಾಷಣದಲ್ಲಿ ಮೊದಲ ಕೆಲಸ ಎಂದದ್ದೂ ಇದನ್ನೇ. ಕುಗ್ಗಿದ ಮನಸ್ಸನ್ನು ಪ್ರಶ್ನಿಸುವ ಪಲ್ಲವಿ 42:5, 42:11, 43:5ರಲ್ಲಿ ಬರುತ್ತದೆ. 42:9ರ ದೂರು 43:2ರಲ್ಲಿ ಮರಳುತ್ತದೆ. ಹೀಬ್ರೂ ಪಠ್ಯದಲ್ಲಿ 43ಕ್ಕೆ ಶೀರ್ಷಿಕೆಯೂ ಇಲ್ಲ. ಸೇರಿಸಿಯೇ ಓದಿ. (ಹೀಬ್ರೂ ಮುದ್ರಣಗಳಲ್ಲಿ ಶೀರ್ಷಿಕೆಯೇ ಮೊದಲ ವಚನ, ಹಾಗಾಗಿ 42ರಲ್ಲಿ ಸಂಖ್ಯೆ ಒಂದು ಹೆಚ್ಚಿರುತ್ತದೆ.)

ಆಮೇಲೆ ಪ್ರತಿ ಪಲ್ಲವಿಯ ಹಿಂದಿನ ವಚನ ನೋಡಿ. ಮೊದಲನೆಯದರ ಹಿಂದೆ ದೇವಾಲಯಕ್ಕೆ ಮೆರವಣಿಗೆ ಹೋದ ನೆನಪು, ಎರಡನೆಯದರ ಹಿಂದೆ "ನಿನ್ನ ದೇವರು ಎಲ್ಲಿ?" ಎಂಬ ಹಂಗಿಸುವಿಕೆ, ಮೂರನೆಯದರ ಹಿಂದೆ ಯಜ್ಞವೇದಿಗೆ ಹೋಗುವ ಮಾತು. ಪಲ್ಲವಿ ಹೆಚ್ಚುಕಡಿಮೆ ಅದೇ. ಮೊದಲೆರಡು ಸಲ ತನ್ನನ್ನು ತಾನೇ ಸಂತೈಸುವಂತಿದ್ದರೆ ಕೊನೆಗೆ ಭರವಸೆಯಂತೆ ಕೇಳುತ್ತದೆ. ವ್ಯಾಖ್ಯಾನ ಹುಟ್ಟುವುದು ಇಲ್ಲಿ. ಪಲ್ಲವಿ ಎಷ್ಟು ಸಲ ಬಂತೆಂದು ಬರೆದು ನಿಲ್ಲಿಸಿದರೆ ಅದು ಬರೀ ಪಟ್ಟಿ.

ಉತ್ತರ 2
ನಕ್ಷೆಯ ಬಗ್ಗೆ: ಜೋಡಿಗಳಿಗೆ ಕೊಟ್ಟ ಹೆಸರುಗಳನ್ನು ಅಳಿಸಿ ನೋಡಿ. "ಸಂಕಟ–ಸಂಕಟ", "ಭರವಸೆ–ಭರವಸೆ" ಎಂಬ ಹೆಸರು ವಿಮರ್ಶಕ ಕೊಟ್ಟದ್ದು, ಕವಿಯದ್ದಲ್ಲ. ಹೀಬ್ರೂ ಪದಗಳೇ ಎರಡೂ ಕಡೆ ಹೊಂದಬೇಕು. ಎಲ್ಲೆಲ್ಲೂ ಬರುವ "ದೇವರು" ಲೆಕ್ಕಕ್ಕಿಲ್ಲ. ಮೂರು ಸಲ ಪಲ್ಲವಿ ಬರುವ ಪದ್ಯ ಸಾಲಾಗಿ ಮುಂದೆ ಸಾಗುತ್ತದೆ, ಅದನ್ನು ಮಡಚುವುದೇಕೆ?

ಆದರೆ 42:8ನ್ನು ಬಿಡಬೇಡಿ. ಈ ಎರಡೂ ಕೀರ್ತನೆಗಳಲ್ಲಿ ಯೆಹೋವ ಎಂಬ ದೇವರ ಸ್ವಂತ ಹೆಸರು ಬರುವುದು ಅಲ್ಲಿ ಮಾತ್ರ, ಅದೂ ಅಲೆಗಳು ಮುಳುಗಿಸಿದ ಮರುವಚನದಲ್ಲೇ. 42ರಿಂದ 83ರವರೆಗಿನ ಕೀರ್ತನೆಗಳಲ್ಲಿ "ದೇವರು" ಎಂಬರ್ಥದ ಎಲೋಹೀಮ್ ಎಂಬುದೇ ಹೆಚ್ಚು, ಹಾಗಾಗಿ ಯೆಹೋವ ಎಂಬುದು ಎದ್ದು ಕಾಣುತ್ತದೆ.

ಉತ್ತರ 3
ಒಂದು ತಕರಾರು: ಹೀಬ್ರೂ ಬೈಬಲಿನ ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್ 43ಕ್ಕೆ ದಾವೀದನ ಹೆಸರಿನ ಶೀರ್ಷಿಕೆ ಕೊಟ್ಟಿದೆ. 42ರಲ್ಲಿ ಬಾಯಾರಿಕೆ, ಕಣ್ಣೀರು, ಅಲೆ ಎಂದು ನೀರೇ ನೀರು. 43ರಲ್ಲಿ ನೀರಿನ ಸುಳಿವಿಲ್ಲ, ಬೆಳಕಿದೆ. ಒಂದೇ ಪದ್ಯ ಎನ್ನುವುದಾದರೆ ಈ ಬದಲಾವಣೆಗೂ ಕಾರಣ ಕೊಡಬೇಕು.

ಸಮಾಂತರತೆಯ ಬಗೆಗಳಿಗೆ ಹೀಬ್ರೂ ಕಾವ್ಯದ ವಿದ್ವಾಂಸ ಲೌತ್ 1753ರಲ್ಲಿ ಕೊಟ್ಟ ಹೆಸರುಗಳನ್ನು ಅಂಟಿಸಿದರೆ ಸಾಲದು. 42:1ರಿಂದ 42:2ಕ್ಕೆ ಬನ್ನಿ: ಜಿಂಕೆಯ ದಾಹದ ಹೋಲಿಕೆ ಅಲ್ಲಿ ನೇರ ಮಾತಾಗುತ್ತದೆ, ಜೊತೆಗೆ "ಯಾವಾಗ?" ಎಂಬ ಪ್ರಶ್ನೆ ಸೇರುತ್ತದೆ. ಎರಡನೆಯ ಸಾಲು ಏನನ್ನು ಹೆಚ್ಚಿಸಿತು ಎಂದು ಪ್ರತಿ ಸಲವೂ ಕೇಳಿ.

ಸಾಲಿನ ಉದ್ದವನ್ನು ಅನುವಾದದಲ್ಲಿ ಅಳೆಯಬೇಡಿ. ಇಲ್ಲಿ ಹೆಚ್ಚಾಗಿ ಕಾಣುವ 3+2ರ (ಸಾಲಿನ ಮೊದಲ ಭಾಗಕ್ಕೆ ಮೂರು ಒತ್ತು, ಎರಡನೆಯದಕ್ಕೆ ಎರಡು) ಶೋಕಗೀತೆಯ ಲಯ ಹೀಬ್ರೂವಿನಲ್ಲಷ್ಟೇ ಕೇಳಿಸುತ್ತದೆ.