ಸಹಾಯ ಬೇಕು: ಮಗನಿಗೆ ಬ್ರೂಸೆಲ್ಲಾ (ಹಸುಗಳಿಂದ ಮನುಷ್ಯರಿಗೂ ಬರುವ ಕಂದು ರೋಗ), ಸೊಂಟದ ಕೀಲು ನೋವು

ಎಲ್ಲರಿಗೂ ನಮಸ್ಕಾರ. ನಾವು ಮಳವಳ್ಳಿ ಕಡೆಯವರು. ನನ್ನ 6 ವರ್ಷದ ಮಗನಿಗೆ ಒಂದೂವರೆ ತಿಂಗಳಿಂದ ಜ್ವರ ಬಂದು ಹೋಗುತ್ತಿತ್ತು, ಆದರೆ ನಮಗೆ ಜಾಸ್ತಿ ಭಯ ಆಗಿದ್ದು ಅವನು ಕುಂಟಲು ಶುರು ಮಾಡಿದಾಗ. ಬೆಳಿಗ್ಗೆ ಎದ್ದರೆ ಬಲಗಾಲು ಊರುತ್ತಲೇ ಇರಲಿಲ್ಲ. ಮೊದಲು ಬಿದ್ದಿರಬೇಕು ಅಂದರು, ಆಮೇಲೆ ಟೈಫಾಯ್ಡ್, ಟಿಬಿ ಇರಬಹುದು ಅಂತಲೂ ಹೇಳಿದರು. ಕೊನೆಗೆ ಮೈಸೂರಿನಲ್ಲಿ ಒಬ್ಬರು ಡಾಕ್ಟರ್ "ಮನೇಲಿ ಹಸು ಕಂದು ಹಾಕಿತ್ತಾ?" ಅಂತ ಕೇಳಿದರು ನೋಡಿ, ಎದೆ ಧಸಕ್ ಅಂತು. ಸಂಕ್ರಾಂತಿ ಹೊತ್ತಿಗೆ 7 ತಿಂಗಳ ಗಬ್ಬ ಹೋಗಿತ್ತು, ಮಗ ಅಜ್ಜಿ ಜೊತೆ ಕೊಟ್ಟಿಗೆಯಲ್ಲೇ ಇರುತ್ತಿದ್ದ, ದಿನಾ ಹಸಿ ನೊರೆಹಾಲು ಕುಡಿಯುತ್ತಿದ್ದ. ಶಕ್ತಿ ಬರುತ್ತೆ ಅಂತ ನಾವೇ ಕೊಡುತ್ತಿದ್ದೆವು.

8 ವರ್ಷದೊಳಗಿನ ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ ಕೊಡಲ್ಲವಂತೆ, ಅದಕ್ಕೆ ಕೋಟ್ರೈಮಾಕ್ಸಜೋಲ್ ಮತ್ತು ರಿಫಾಂಪಿಸಿನ್ ಬರೆದಿದ್ದಾರೆ. ಕಡಿಮೆ ಅಂದರೂ 6 ವಾರ, ಮಧ್ಯೆ ಬಿಟ್ಟರೆ ಮತ್ತೆ ಬರುತ್ತೆ ಅಂದಿದ್ದಾರೆ. ಈಗ 10 ದಿನ ಆಯಿತು, ಜ್ವರ ಇಳಿದಿದೆ, ಕುಂಟುವುದು ನಿಂತಿಲ್ಲ.

ಯಾರ ಮಕ್ಕಳಿಗಾದರೂ ಹೀಗೆ ಕೀಲಿಗೆ ಬಂದಿತ್ತಾ? ಸರಿಯಾಗಿ ನಡೆಯೋಕೆ ಎಷ್ಟು ದಿನ ಹಿಡಿಯಿತು? ಮಂಡ್ಯ, ಮೈಸೂರಲ್ಲಿ ಇದನ್ನು ನೋಡಿ ಅನುಭವ ಇರುವ ಮಕ್ಕಳ ಡಾಕ್ಟರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಇನ್ನೆರಡು ಹಸುಗಳ ರಕ್ತ ಪರೀಕ್ಷೆ ಎಲ್ಲಿ ಮಾಡಿಸಬೇಕು? 5 ತಿಂಗಳ ಹೆಣ್ಣುಗರುವೂ ಇದೆ, 4ರಿಂದ 8 ತಿಂಗಳೊಳಗೆ ಕಂದು ರೋಗದ ಲಸಿಕೆ ಹಾಕಿಸಬೇಕು ಅಲ್ವಾ, ಈಗ ಯಾವ ಊರಲ್ಲಿ ಹಾಕುತ್ತಿದ್ದಾರೆ?