ಮಜೂರಿ, ಕೂಲಿ, ಪಗಾರ: ಪಾಠದಲ್ಲಿ ಯಾವುದು ಇರಬೇಕು?

ಪ್ರಶ್ನೆ

ನಮಸ್ಕಾರ. ಪಿಯುಸಿ ಹುಡುಗರಿಗೆ ಶ್ರಮ ಮಾರುಕಟ್ಟೆಯ ಪಾಠದ ಪದಪಟ್ಟಿ ಮಾಡುತ್ತಿದ್ದೇವೆ. 'ವೇಜ್' ಎಂಬುದಕ್ಕೆ ಪುಸ್ತಕಗಳಲ್ಲಿ ಒಂದು ಕಡೆ ಕೂಲಿ, ಇನ್ನೊಂದು ಕಡೆ ವೇತನ ಅಂತಿದೆ. ನಮ್ಮ ಇಳಕಲ್ಲಿನ ಹುಡುಗರ ಬಾಯಲ್ಲಿರುವುದು ಮಜೂರಿ, ಪಗಾರ. ಮಜೂರಿ ಅಂತಲೇ ಬರೆದರೆ ತಪ್ಪೇನು? ನೂಲು ಬರದೆ ವಾರಗಟ್ಟಲೆ ಮಗ್ಗ ನಿಂತರೆ ಆ ನೇಕಾರನನ್ನು ನಿರುದ್ಯೋಗಿ ಅನ್ನಬಹುದೇ? ತಿಳಿದವರು ಹೇಳಬೇಕು.

ಉತ್ತರ

ಸರ್, ಮಜೂರಿ ಬೇಡ. ಪದ ಚೆನ್ನಾಗಿದೆ, ಆದರೆ ಅದರೊಳಗೆ ಎರಡು ಬೇರೆ ಬೇರೆ ದುಡ್ಡು ಕೂತಿವೆ.

2017ರಿಂದ ನಡೆದಿರುವ ಕೇಂದ್ರದ ಶ್ರಮಬಲ ಸಮೀಕ್ಷೆ (ಪಿಎಲ್‌ಎಫ್‌ಎಸ್) ದುಡಿಯುವವರನ್ನು ಮೂರು ಗುಂಪು ಮಾಡುತ್ತದೆ: ಸ್ವಂತ ಉದ್ಯೋಗದವರು, ಕಾಯಂ ಪಗಾರದವರು, ದಿನಗೂಲಿಯವರು. ಸಾವಕಾರರಿಂದ ನೂಲು ತಂದು, ಮನೆಯ ಮಗ್ಗದಲ್ಲಿ ನೇಯ್ದು, ಸೀರೆಗಿಷ್ಟು ಎಂದು ಮಜೂರಿ ಪಡೆಯುವ ನೇಕಾರ ಮೊದಲ ಗುಂಪಿಗೆ ಸೇರುತ್ತಾನೆ. ಅವನ ಕೈಗೆ ಬರುವುದರಲ್ಲಿ ದುಡಿಮೆಯ ಪಾಲೂ ಇದೆ, ಮಗ್ಗ ಹೂಡಿದ್ದರ ಲಾಭದ ಪಾಲೂ ಇದೆ ಎಂಬುದು ಸಮೀಕ್ಷೆಯ ನಿಲುವು. ಅದೇ ರಬಕವಿ-ಬನಹಟ್ಟಿಯಲ್ಲಿ ಮಾಲೀಕರ ಶೆಡ್ಡಿಗೆ ಹೋಗಿ ಪಾವರ್‌ಲೂಮ್ ನಡೆಸಿ, ನೇಯ್ದಷ್ಟಕ್ಕೆ ದುಡ್ಡು ಎಣಿಸಿಕೊಳ್ಳುವವನದು ಅಪ್ಪಟ ಕೂಲಿ. ಅದಕ್ಕೂ ಜನ ಮಜೂರಿ ಅಂತಲೇ ಅನ್ನುತ್ತಾರೆ. ಪಾರಿಭಾಷಿಕ ಪದಕ್ಕೆ ಈ ಇಬ್ಬಂದಿತನ ಆಗದು.

ಹುಡುಗರಿಗೆ ಒಂದು ಲೆಕ್ಕ ಹಾಕಿ ತೋರಿಸಿ. ಬರಿಯ ಲೆಕ್ಕಕ್ಕೆಂದು ಒಂದು ಸೀರೆಗೆ 1,500 ರೂಪಾಯಿ ಮಜೂರಿ ಎಂದಿಟ್ಟುಕೊಳ್ಳಿ. ನೇಕಾರ ಮಗ್ಗದ ಮೇಲೆ ಕೂತದ್ದು 3 ದಿನ. ಭಾಗಿಸಿದರೆ ದಿನಕ್ಕೆ 500, ಪರವಾಗಿಲ್ಲ ಅನಿಸುತ್ತದೆ. ಕಂಡಿಕೆ (ನೂಲಿನ ಸುರುಳಿ) ಸುತ್ತಿ, ಹಾಸು (ಉದ್ದದ ಎಳೆ) ಹೂಡಲು ಕೈಹಚ್ಚಿದ ಹೆಂಡತಿಯ ಒಂದೂವರೆ ದಿನ ಸೇರಿಸಿದರೆ 4.5 ದಿನಕ್ಕೆ 1,500, ದಿನಕ್ಕೆ 333. ಮಗ್ಗದ ರಿಪೇರಿಗೆ 150 ಕಳೆದರೆ ಉಳಿದದ್ದು 300. ಸಮೀಕ್ಷೆಯಲ್ಲಿ ಆ ಹೆಂಡತಿ 'ಸಂಭಾವನೆಯಿಲ್ಲದೆ ದುಡಿಯುವ ಮನೆಯವರು' ಎಂಬ ಸಾಲಿಗೆ ಹೋಗುತ್ತಾಳೆ. ಮಜೂರಿಯನ್ನು ಕೂಲಿ ಎಂದು ಅನುವಾದಿಸಿದ ಕೂಡಲೇ ಅವಳ ದುಡಿಮೆ ಗಂಡನ ಲೆಕ್ಕಕ್ಕೆ ಜಮೆಯಾಗಿಬಿಡುತ್ತದೆ. ನನ್ನ ತಕರಾರು ಮುಖ್ಯವಾಗಿ ಇಲ್ಲಿಯೇ.

ಹಾಗಾಗಿ ಸಾಮಾನ್ಯ ಅರ್ಥಕ್ಕೆ ಕೂಲಿ ಇರಲಿ. ತಿಂಗಳಿಗೆ ಬರುವುದಕ್ಕೆ ಸಂಬಳ ಎಂದು ಬರೆದು, ಪಕ್ಕದಲ್ಲಿ ಪಗಾರ ಎಂದು ಕೊಡಿ. ವೇತನವನ್ನು ಕಾನೂನಿನ ಮಾತಿಗೆ ಬಿಡಿ, ಹಿಂದಿನ 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಇದ್ದಂತೆ.

ಇನ್ನು ಮಗ್ಗ ನಿಂತ ನೇಕಾರ. ಊರವರ ಮಾತಿನಲ್ಲಿ ಅವನು 'ದಗದಿಲ್ಲದ ಖಾಲಿ ಕುಂತಾನ'. ಸಮೀಕ್ಷೆಯ ವಾರದ ಲೆಕ್ಕದಲ್ಲಿ ಮಾತ್ರ ಅವನು ಉದ್ಯೋಗಸ್ಥ: ಮನೆಯ ಉದ್ಯೋಗ ಇದೆ, ಆ ವಾರ ಮಾಡಲಿಲ್ಲ, ಅಷ್ಟೇ. ವಾರದಲ್ಲಿ ಯಾವುದಾದರೂ ಒಂದು ದಿನ ಒಂದು ತಾಸು ದುಡಿದವನೂ ಉದ್ಯೋಗಸ್ಥನೇ. ಪುಸ್ತಕಗಳು 'ಸಕ್ರಿಯವಾಗಿ ಕೆಲಸ ಹುಡುಕುವವನು ನಿರುದ್ಯೋಗಿ' ಎನ್ನುತ್ತವೆ; ನಮ್ಮ ಸಮೀಕ್ಷೆ, ಹುಡುಕದಿದ್ದರೂ ಕೆಲಸ ಸಿಕ್ಕರೆ ಮಾಡಲು ತಯಾರಿದ್ದವನನ್ನೂ ಸೇರಿಸಿಕೊಳ್ಳುತ್ತದೆ. ಈ ವ್ಯತ್ಯಾಸ ಟಿಪ್ಪಣಿಯಲ್ಲಿ ಬರಲೇಬೇಕು. ನಿಮ್ಮ ನೇಕಾರನಿಗೆ 'ಅರೆ ಉದ್ಯೋಗ' (ಉದ್ಯೋಗವಿದ್ದೂ ಸಾಕಷ್ಟು ಕೆಲಸವಿಲ್ಲದಿರುವುದು) ಎಂಬ ಪದ ಹೊಂದುತ್ತದೆ.

ನಿರುದ್ಯೋಗ ದರದಲ್ಲಿ ಹುಡುಗರು ಎಡವುವುದು ಛೇದದಲ್ಲಿ. ಊರಲ್ಲಿ 15 ದಾಟಿದವರು 100 ಮಂದಿ. ದುಡಿಯುವವರು 50, ನಿರುದ್ಯೋಗಿಗಳು 2, ಓದುವವರು, ಮನೆಗೆಲಸದವರು, ಮುದುಕರು ಸೇರಿ 48. ದರ ಶೇ. 2 ಅಲ್ಲ, 52ಕ್ಕೆ 2, ಅಂದರೆ ಶೇ. 3.8. ಆ 48ರಲ್ಲಿ 10 ಮಂದಿ ಡಿಗ್ರಿ ಮುಗಿಸಿ ಕೆಲಸ ಹುಡುಕತೊಡಗಿದರೆ 62ಕ್ಕೆ 12, ಶೇ. 19.4. ಯಾರ ಕೆಲಸವೂ ಹೋಗಿಲ್ಲ, ದರ ಮಾತ್ರ ಐದು ಪಟ್ಟು.

ನೈಜ ಕೂಲಿಗೂ, ಅಂದರೆ ಕೂಲಿಯ ಕೊಳ್ಳುವ ಶಕ್ತಿಗೂ, ಊರಿನ ಉದಾಹರಣೆಯೇ ಸಾಕು. ಕರ್ನಾಟಕದಲ್ಲಿ ನರೇಗಾ ಕೂಲಿ 2023-24ರಲ್ಲಿ 316 ರೂಪಾಯಿ, 2024-25ರಲ್ಲಿ 349. ನಗದು ಕೂಲಿ ಶೇ. 10.4 ಏರಿತು. ಬೆಲೆ ಶೇ. 5 ಏರಿದೆ ಎಂದು ಹಿಡಿದರೆ 1.1044ನ್ನು (349/316) 1.05ರಿಂದ ಭಾಗಿಸಬೇಕು, ನೈಜ ಏರಿಕೆ ಶೇ. 5.2ರಷ್ಟು. ಕಳೆದರೆ 5.4 ಬರುತ್ತದೆ, ಬೆಲೆ ಜೋರಾಗಿ ಏರಿದ ವರ್ಷಗಳಲ್ಲಿ ಈ ಅಂತರ ದೊಡ್ಡದಾಗುತ್ತದೆ. ಹಳ್ಳಿಯ ಕೂಲಿಗೆ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕ ಹಿಡಿಯಿರಿ, ಕಾರ್ಖಾನೆ ಕಾರ್ಮಿಕರದ್ದಲ್ಲ.

ಬೆಳಗಾವಿಯಿಂದ ಇನ್ನೊಂದು ಮಾತು

ಪಟ್ಟಿಗೆ 'ಉಚಲ್' ಸೇರಿಸಿ. ಕಬ್ಬು ಕಡಿಯುವ ಗ್ಯಾಂಗಿಗೆ ಹಂಗಾಮಿನ ಮುಂಚೆಯೇ ಮುಕಾದಮನ (ಗ್ಯಾಂಗನ್ನು ಕರೆತರುವ ಗುತ್ತಿಗೆದಾರನ) ಕೈಯಿಂದ ಹೋಗುವ ದುಡ್ಡು ಅದು. ಸಾಲ ಎಂದು ಬರೆದರೂ ತಪ್ಪು, ಕೂಲಿ ಎಂದರೂ ಅರ್ಧ ತಪ್ಪು: ಟನ್ನಿಗಿಷ್ಟು ಎಂಬ ದರದಲ್ಲಿ ಕಡಿದು ತೀರಿಸಬೇಕಾದ ಮುಂಗಡ. ಗಡಿಭಾಗಕ್ಕೆ ಮರಾಠವಾಡದಿಂದ ಬರುವವರಲ್ಲಿ ಗಂಡ ಹೆಂಡತಿ ಕೂಡಿ ಒಂದು 'ಕೊಯ್ತಾ', ಒಬ್ಬರೇ ಇದ್ದರೆ ಅರ್ಧ ಕೊಯ್ತಾ. ದುಡ್ಡು ಕೊಯ್ತಾ ಲೆಕ್ಕದಲ್ಲಿ ಬರುವುದರಿಂದ, ತಲಾ ಕೂಲಿ ಕೇಳುವಾಗ ಮೊದಲು ಎರಡರಿಂದ ಭಾಗಿಸಿ, ಆಮೇಲೆ ದಿನಗಳಿಂದ ಭಾಗಿಸಬೇಕು.